ಸೊಸೈಟಿ ಸಾಲ ಸುಸ್ತಿಯಾಗುವುದು ಯಾಕೆ? ಮಂಗಳೂರು, ಉಡುಪಿಯ ಸದಸ್ಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಮನೆಯಲ್ಲೊಂದು ಸೊಸೈಟಿ ಪಾಸ್‌ಬುಕ್ಕು ಇರುವುದು ಮಾಮೂಲಿ. ಮನೆ ರಿಪೇರಿ, ಮಗಳ ಮದುವೆ, ರಿಕ್ಷಾ, ಅಂಗಡಿ, ಆಸ್ಪತ್ರೆ, ಹೀಗೆ ಏನೇ ಬಂದರೂ ಮೊದಲು ನೆನಪಾಗುವುದು ಊರಿನ ಸಹಕಾರಿ ಸಂಘ. ಸಾಲ ತೆಗೆಯುವಾಗ ಬಹುತೇಕ ಎಲ್ಲರಿಗೂ ಕಟ್ಟುವ ಮನಸ್ಸೇ ಇರುತ್ತದೆ. ಆದರೂ ಕಂತು ತಪ್ಪುತ್ತದೆ. ಈ ಪುಟ ಸಾಲ ಪಡೆದವರಿಗಾಗಿ, ಜಾಮೀನು ಹಾಕಿದವರಿಗಾಗಿ. ಸಂಘದ ನಿರ್ದೇಶಕರು ಓದಿದರೆ ಇನ್ನೂ ಒಳ್ಳೆಯದು.

ಒಂದು ಕಂತು ತಪ್ಪಿದರೇ ನಾನು ಸುಸ್ತಿದಾರನಾ?

ವಾಯಿದೆ ದಿನ ದಾಟಿದರೆ ಆ ಕಂತು ಸುಸ್ತಿ. ಸಹಕಾರಿ ಬ್ಯಾಂಕುಗಳಲ್ಲಿ ಸಾಮಾನ್ಯ ಕಂತಿನ ಸಾಲ 90 ದಿನ ದಾಟಿಯೂ ಬಾಕಿ ಉಳಿದರೆ ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಮೊದಲ ಕಂತು ತಪ್ಪುವುದಕ್ಕೂ ಆ 90 ದಿನಕ್ಕೂ ನಡುವೆ ಇರುವ ಸಮಯವೇ ನಿಮ್ಮ ಕೈಯಲ್ಲಿರುವ ಅತಿ ಬೆಲೆಬಾಳುವ ಸಮಯ. ಹೆಚ್ಚಿನವರು ಅದನ್ನು ಸಂಘದ ಮುಂದಿನ ರಸ್ತೆ ತಪ್ಪಿಸಿ ನಡೆಯುವುದರಲ್ಲೇ ಕಳೆಯುತ್ತಾರೆ.

ಜನರಿಗೆ ಕಟ್ಟುವ ಮನಸ್ಸಿಲ್ಲ, ಅದಕ್ಕೇ ಸುಸ್ತಿಯಾಗುವುದು ಅಲ್ವಾ?

ಮಹಾಸಭೆಯಲ್ಲಿ ಈ ಮಾತು ಜಾಸ್ತಿ ಕೇಳಿಬರುತ್ತದೆ. ಬೇಕೆಂದೇ ಕಟ್ಟದವರು ಇಲ್ಲವೆಂದಲ್ಲ. ಆದರೆ ಸುಸ್ತಿ ಪಟ್ಟಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಹಿಡಿದು ವಿಚಾರಿಸಿದರೆ ಬೇರೆಯೇ ಕತೆ ಸಿಗುತ್ತದೆ. ಸಂಪಾದನೆ ಬರುವ ತಿಂಗಳು ಒಂದು, ಕಂತು ಬೀಳುವ ತಿಂಗಳು ಇನ್ನೊಂದು. ಬೀಡಿ ಕಟ್ಟುವವರಿಗೆ ಎಲೆ ಸಿಕ್ಕಷ್ಟು ದಿನ ಕೆಲಸ. ಮೇಸ್ತ್ರಿ ಕೆಲಸದವರಿಗೆ ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ದಿನ ಕೆಲಸ ಸಿಕ್ಕರೆ ಪುಣ್ಯ. ಗಲ್ಫಿನಲ್ಲಿ ಮಗನ ಕೆಲಸ ಹೋದರೆ ಇಲ್ಲಿ ಮನೆ ಸಾಲ ನಿಲ್ಲುತ್ತದೆ. ಸಾಲದ ಪತ್ರಕ್ಕೆ ಇದ್ಯಾವುದೂ ಗೊತ್ತಿಲ್ಲ. ಅದರಲ್ಲಿರುವುದು ಹನ್ನೆರಡೂ ತಿಂಗಳು ಒಂದೇ ಮೊತ್ತ.

ಹಾಗಾಗಿ ಎಷ್ಟೋ ಸಾಲಗಳು ಸುಸ್ತಿಯಾಗುವುದು ಮಂಜೂರಾದ ದಿನವೇ. ಅದು ಲೆಡ್ಜರಿನಲ್ಲಿ ಕಾಣುವುದು ಮಾತ್ರ ಆರು ತಿಂಗಳ ನಂತರ. ಇದರಲ್ಲಿ ಸಾಲಗಾರನ ತಪ್ಪಿನಷ್ಟೇ ಸಂಘದ ತಪ್ಪೂ ಇದೆ ಎಂದು ನಾನು ಖಂಡಿತ ಹೇಳುತ್ತೇನೆ. ಅಡಮಾನದ ಬೆಲೆ ನೋಡಿ, ಜಾಮೀನುದಾರರ ಸಂಬಳ ಪತ್ರ ನೋಡಿ ಸಾಲ ಕೊಡುತ್ತಾರೆ. "ನಿಮಗೆ ಯಾವ ತಿಂಗಳು ದುಡ್ಡು ಬರುತ್ತದೆ?" ಎಂಬ ಒಂದು ಪ್ರಶ್ನೆ ಮಾತ್ರ ಅರ್ಜಿಯಲ್ಲೇ ಇರುವುದಿಲ್ಲ.

ಈ ಬುದ್ಧಿ ನಮ್ಮ ಊರಿಗೆ ಹೊಸದೇನಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ, ಅಂದರೆ ದಿನವೂ ಸ್ವಲ್ಪ ಸ್ವಲ್ಪ ಸಂಗ್ರಹಿಸುವ ಠೇವಣಿ, ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ದಿನದ ದುಡಿಮೆಯವರಿಂದ ದಿನವೇ ಸಂಗ್ರಹಿಸಬೇಕು ಎಂಬುದು ಉಳಿತಾಯದ ವಿಷಯದಲ್ಲಿ ಆಗಲೇ ತಿಳಿದಿತ್ತು. ಸಾಲದ ಕಂತಿಗೆ ಅದೇ ಲೆಕ್ಕ ಹಾಕುವ ಸಂಘಗಳು ಇವತ್ತಿಗೂ ಕಡಿಮೆ.

ನನ್ನದು ಮಲ್ಪೆಯಲ್ಲಿ ಬೋಟಿನ ಕೆಲಸ. ಮಳೆಗಾಲದಲ್ಲಿ ಕಂತು ಕಟ್ಟಲು ಆಗುವುದೇ ಇಲ್ಲ. ಏನು ಮಾಡಲಿ?

ಜೂನ್ 1ರಿಂದ ಜುಲೈ 31ರ ವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಮಲ್ಪೆ ಬಂದರೂ ಮಂಗಳೂರು ದಕ್ಕೆಯೂ ಒಟ್ಟಿಗೇ ತಣ್ಣಗಾಗುತ್ತವೆ. ಬೋಟಿನವರಿಗೆ ಮಾತ್ರವಲ್ಲ, ಐಸ್ ಪ್ಲಾಂಟಿನವರಿಗೆ, ಮೀನು ಹೊರುವವರಿಗೆ, ಮೀನು ಮಾರುವ ಹೆಂಗಸರಿಗೆ, ಟೆಂಪೋದವರಿಗೆ, ಬಂದರಿನ ಹೋಟೆಲಿನವರಿಗೆ ಎಲ್ಲರಿಗೂ ಆದಾಯ ಇಳಿಯುತ್ತದೆ. ಖರ್ಚು ಮಾತ್ರ ಅದೇ ಹೊತ್ತಿಗೆ ಏರುತ್ತದೆ. ಶಾಲೆ ಶುರುವಾಗುವುದು ಆಗಲೇ. ಬಲೆ ಸರಿಮಾಡುವುದು, ಇಂಜಿನ್ ಬಿಚ್ಚುವುದು, ಬೋಟಿಗೆ ಬಣ್ಣ ಹೊಡೆಯುವುದು ಎಲ್ಲ ಆಗಲೇ. ಆಗಸ್ಟ್ ಬಂದ ತಕ್ಷಣ ದುಡ್ಡು ಬರುತ್ತದೆ ಎನ್ನುವ ಹಾಗೂ ಇಲ್ಲ. ಕಡಲು ಒರಟಾಗಿದ್ದರೆ, ಬೂತಾಯಿ, ಬಂಗುಡೆ ಸಿಗದಿದ್ದರೆ ಮೊದಲ ಕೆಲವು ಟ್ರಿಪ್ಪಿನ ದುಡ್ಡು ಡೀಸೆಲ್ಲಿಗೇ ಹೋಗುತ್ತದೆ.

ಈ 61 ದಿನ ಬರುವುದು ಸಂಘಕ್ಕೂ ಗೊತ್ತು, ನಿಮಗೂ ಗೊತ್ತು. ಹಾಗಿರುವಾಗ ಲೆಕ್ಕವನ್ನು ಹತ್ತು ತಿಂಗಳಿಗೆ ಹಾಕಬೇಕು. ತಿಂಗಳಿಗೆ 10,250 ರೂಪಾಯಿ ಕಂತು ಎಂದುಕೊಳ್ಳಿ. ವರ್ಷಕ್ಕೆ 1,23,000 ಆಯಿತು. ಅದನ್ನೇ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 12,300. ಆಗಸ್ಟಿನಿಂದ ಮೇ ವರೆಗೆ ಹೆಚ್ಚಿನ 2,050 ರೂಪಾಯಿಯನ್ನು ಅದೇ ಸಂಘದ ಪಿಗ್ಮಿಗೋ ಆರ್‌ಡಿಗೋ ಹಾಕಿ. ಜೂನ್, ಜುಲೈ ಕಂತು ಅದರಿಂದ ಹೋಗಲಿ. ಸಾಲ ತೆಗೆಯುವಾಗಲೇ ಮ್ಯಾನೇಜರರಿಗೆ ಇದನ್ನು ಹೇಳಿ, ಕಂತಿನ ಪಟ್ಟಿಯಲ್ಲೇ ಬರೆಸಿಕೊಂಡರೆ ಇನ್ನೂ ಉತ್ತಮ. ಕೆಲವರು ಮೊದಲೇ ಜಾಸ್ತಿ ದುಡ್ಡು ಸಾಲದ ಖಾತೆಗೇ ಕಟ್ಟಿಬಿಡುತ್ತಾರೆ. ಆಗ ಅದು ಅಸಲಿಗೆ ಹೋಗಿ, ಜೂನ್ ಕಂತು ಬಾಕಿಯೇ ಎಂದು ಕಂಪ್ಯೂಟರ್ ತೋರಿಸಬಹುದು. ಕೇಳಿ ಕಟ್ಟಿ.

ಅಡಿಕೆ ತೋಟ ಇದ್ದವರು ಕೂಡ ಯಾಕೆ ಹಿಂದೆ ಬೀಳುತ್ತಾರೆ? ಅವರಿಗೆ ಒಳ್ಳೆ ದರ ಇದೆಯಲ್ಲ?

ಪೇಪರಿನಲ್ಲಿ ಬರುವ ದರ ಬೇರೆ, ಅಂಗಳಕ್ಕೆ ಬರುವ ಅಡಿಕೆ ಬೇರೆ. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಎಳೆ ಕಾಯಿ ಉದುರಿ ಹೋಗುತ್ತದೆ. ಅದಕ್ಕೆ ಮುಂಚೆಯೇ ಬೋರ್ಡೋ ಮದ್ದು ಬಿಡಬೇಕು, ಸುಮಾರು 40-45 ದಿನದ ನಂತರ ಮತ್ತೊಮ್ಮೆ. ಮಳೆ ಬಿಡದಿದ್ದರೆ, ಮರ ಹತ್ತುವವರು ಸಿಗದಿದ್ದರೆ, ಎರಡನೇ ಮದ್ದು ತಡವಾಗುತ್ತದೆ. ಅಲ್ಲಿಗೆ ಆ ವರ್ಷದ ಕಂತಿನ ಒಂದು ಭಾಗ ನೆಲಕ್ಕೆ ಬಿತ್ತು ಎಂದೇ ಲೆಕ್ಕ. ಸುಳ್ಯದ ಕಡೆ ಹಳದಿ ರೋಗದಿಂದ ತೋಟಗಳೇ ಸೊರಗಿವೆ. ಎಲೆಚುಕ್ಕಿ ರೋಗ ಬೇರೆ ಸೇರಿಕೊಂಡಿದೆ. ಹಳದಿ ರೋಗ ಬಂದ ತೋಟ ಒಂದೇ ವರ್ಷಕ್ಕೆ ಸಾಯುವುದಿಲ್ಲ. ವರ್ಷ ವರ್ಷ ಇಳುವರಿ ಕಡಿಮೆಯಾಗುತ್ತ ಹೋಗುತ್ತದೆ. ಸಾಲ ಮಾತ್ರ ಹಳೆಯ ಇಳುವರಿ ನೋಡಿ ಕೊಟ್ಟದ್ದು.

ಇನ್ನೊಂದು ಕಾರಣವನ್ನು ಬೆಳೆಗಾರರೇ ಒಪ್ಪಿಕೊಳ್ಳಬೇಕು. ಚಾಲಿ ಒಣಗಿಸಿ, ಸುಲಿದು, ಅಟ್ಟದಲ್ಲಿಟ್ಟು ದರ ಏರಲಿ ಎಂದು ಕಾಯುವುದು. ಹೊಸತಿಗಿಂತ ಹಳತಿಗೆ ದರ ಜಾಸ್ತಿ ಸಿಗುವುದು ನಿಜ. ಕಾಯುವುದು ತಪ್ಪಲ್ಲ. ಆದರೆ ವಾಯಿದೆಗೆ ಬೇಕಾದಷ್ಟು ಅಡಿಕೆಯನ್ನಾದರೂ ಮೊದಲು ಮಾರಿ. ಸುಸ್ತಿಯಾದ ಸಾಲದ ಬಡ್ಡಿ ದರದ ಏರಿಕೆಯನ್ನು ತಿಂದುಹಾಕುವುದು ಬಹಳ ಸಲ ಆಗುತ್ತದೆ. ಮಂಗಳೂರಿನಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದೇ ಬೆಳೆಗಾರರಿಗೆ ಮಾರುಕಟ್ಟೆಯಲ್ಲಿ ಒಂದು ಆಧಾರ ಇರಲಿ ಎಂದು. ಪೂರ್ತಿ ದರ ಸಿಗುವವರೆಗೆ ಪೂರ್ತಿ ಮಾಲು ಇಟ್ಟುಕೊಳ್ಳಬೇಕೆಂದಿಲ್ಲ.

ಸಿಎ ಬ್ಯಾಂಕಿನ (ಊರಿನ ಕೃಷಿ ಪತ್ತಿನ ಸಹಕಾರಿ ಸಂಘದ) ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ. ಸ್ವಲ್ಪ ತಡವಾದರೆ ಏನಾಗುತ್ತದೆ?

ಆ ಶೂನ್ಯ ಬಡ್ಡಿ ಇರುವುದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ರಾಜ್ಯ ಸರ್ಕಾರ 2023ರ ಬಜೆಟಿನಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಶೇಕಡಾ 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿ 10 ಲಕ್ಷದಿಂದ 15 ಲಕ್ಷಕ್ಕೆ ಹೋಯಿತು. ನಿಮ್ಮ ಪಾಲಿನ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ, ಅಷ್ಟೇ. ವಾಯಿದೆ ತಪ್ಪಿತೋ, ಆ ರಿಯಾಯಿತಿ ಹೋಯಿತು. ಬಡ್ಡಿ ನಿಮ್ಮ ತಲೆಗೇ ಬರುತ್ತದೆ. ಹತ್ತು ದಿನ ತಡ ಮಾಡಿ ವರ್ಷದ ರಿಯಾಯಿತಿ ಕಳೆದುಕೊಂಡವರನ್ನು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ವಾಯಿದೆ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಸಾಲ ಮನ್ನಾ ಆಗಬಹುದು, ಸ್ವಲ್ಪ ಕಾಯೋಣ ಅನ್ನಿಸುತ್ತದೆ. ಸರಿಯಾ?

ಬೇಡ. 2017ರಲ್ಲಿ 50,000 ರೂಪಾಯಿವರೆಗೆ, 2018ರಲ್ಲಿ 1 ಲಕ್ಷದವರೆಗೆ ಸಹಕಾರಿ ಸಂಘಗಳ ಸಾಲ ಮನ್ನಾ ಘೋಷಣೆಯಾಯಿತು, ನಿಜ. ಎರಡೂ ಬೆಳೆ ಸಾಲಕ್ಕೆ ಸಂಬಂಧಪಟ್ಟದ್ದು. ರಿಕ್ಷಾ ಸಾಲ, ಮನೆ ಸಾಲ, ವೈಯಕ್ತಿಕ ಸಾಲ, ಚಿನ್ನ ಅಡವಿಟ್ಟ ಸಾಲ ಇದ್ಯಾವುದಕ್ಕೂ ಅದು ಅನ್ವಯಿಸಲಿಲ್ಲ. ಚುನಾವಣೆ ಹತ್ತಿರ ಬಂದಾಗ ಕಂತು ನಿಲ್ಲಿಸಿ ಕುಳಿತವರ ಮೇಲೆ ದಂಡಬಡ್ಡಿ ಮಾತ್ರ ಏರುತ್ತದೆ.

ಒಂದು ಸಾಲ ಕಟ್ಟಲು ಇನ್ನೊಂದು ಸಾಲ ತೆಗೆದೆ. ಈಗ ಎಲ್ಲವೂ ಒಟ್ಟಿಗೆ ಕುತ್ತಿಗೆಗೆ ಬಂದಿದೆ.

ಇದು ನಮ್ಮ ಕಡೆ ತುಂಬಾ ಸಾಮಾನ್ಯ. ಒಂದೇ ಪೇಟೆಯಲ್ಲಿ ನಾಲ್ಕೈದು ಸೊಸೈಟಿ, ಜೊತೆಗೆ ಸ್ವಸಹಾಯ ಗುಂಪಿನ ವಾರದ ಕಂತು, ಫೈನಾನ್ಸಿನ ಬೈಕ್ ಸಾಲ, ಚಿನ್ನದ ಅಡವು. ಸಹಕಾರಿ ಬ್ಯಾಂಕಿನ ಸಾಲ ಸಿಬಿಲ್‌ನಲ್ಲಿ, ಅಂದರೆ ಯಾರಿಗೆ ಎಷ್ಟು ಸಾಲ ಇದೆ ಎಂಬ ದಾಖಲೆಯಲ್ಲಿ, ಕಾಣುತ್ತದೆ. ಸಣ್ಣ ಪತ್ತಿನ ಸಂಘಗಳ, ಅಂದರೆ ಬ್ಯಾಂಕ್ ಅಲ್ಲದ ಸಾಲ ಕೊಡುವ ಸೊಸೈಟಿಗಳ, ಎಷ್ಟೋ ಸಾಲ ಅಲ್ಲಿ ಕಾಣುವುದಿಲ್ಲ. ಹಾಗಾಗಿ ಪ್ರತಿ ಸಂಘವೂ ತಾನೊಬ್ಬನೇ ಸಾಲ ಕೊಟ್ಟಿದ್ದೇನೆ ಎಂದುಕೊಳ್ಳುತ್ತದೆ. ವಾರದ ಕಂತಿಗೆ ಮನೆ ಬಾಗಿಲಿಗೆ ಜನ ಬರುತ್ತಾರೆ, ಆದ್ದರಿಂದ ಅದು ಮೊದಲು ಹೋಗುತ್ತದೆ. ಸೊಸೈಟಿಯವರು ಗುರುತಿನವರು, ಸ್ವಲ್ಪ ಕಾಯುತ್ತಾರೆ ಎಂದು ಅದು ಕೊನೆಗೆ ಉಳಿಯುತ್ತದೆ.

ಒಂದು ಹಾಳೆ ತೆಗೆದುಕೊಂಡು ಎಲ್ಲ ಸಾಲ ಬರೆಯಿರಿ: ಎಷ್ಟು ಬಾಕಿ, ಎಷ್ಟು ಬಡ್ಡಿ, ಯಾವ ದಿನ ಕಂತು, ಯಾರ ಜಾಮೀನು. ಮನೆಯವರ ಮುಂದೆಯೇ ಬರೆಯಿರಿ. ಗಂಡನ ಸಾಲ ಹೆಂಡತಿಗೆ ಗೊತ್ತಿಲ್ಲ, ಹೆಂಡತಿಯ ಗುಂಪಿನ ಸಾಲ ಗಂಡನಿಗೆ ಗೊತ್ತಿಲ್ಲ ಎಂಬ ಮನೆಗಳಲ್ಲೇ ಸಾಲ ಕೈ ಮೀರುವುದು. ಹೊಸ ಸಾಲ ಅಲ್ಲಿಗೆ ನಿಲ್ಲಬೇಕು. ಮಾರಬಹುದಾದದ್ದು ಏನಾದರೂ ಇದ್ದರೆ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ಮುಗಿಸಿ.

ಭಾವನಿಗೋಸ್ಕರ ನನ್ನ ಹೆಸರಿನಲ್ಲಿ ಸಾಲ ತೆಗೆದುಕೊಟ್ಟೆ. ಅವರು ಕಟ್ಟುತ್ತಿಲ್ಲ.

ಸಂಘದ ಮಟ್ಟಿಗೆ ಸಾಲಗಾರರು ನೀವೇ. ನೋಟಿಸು ನಿಮಗೇ ಬರುತ್ತದೆ. ಭಾವನ ಹತ್ತಿರ ಬರಹದಲ್ಲಿ ಒಂದು ಪತ್ರವನ್ನಾದರೂ ಮಾಡಿಸಿಕೊಳ್ಳಿ. ಅವರು ಕೊಡುವ ದುಡ್ಡು ಬ್ಯಾಂಕ್ ಮೂಲಕವೇ ಬರಲಿ.

ಶೇಕಡಾ 14 ಬಡ್ಡಿ ಅಂದರು. ಲೆಕ್ಕ ಹಾಕಿದರೆ ಅದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಯಾಕೆ?

ಬಡ್ಡಿಯನ್ನು ಯಾವ ರೀತಿ ಲೆಕ್ಕ ಹಾಕುತ್ತಾರೆ ಎಂದು ಕೇಳಿ. 3 ಲಕ್ಷ ಸಾಲ, 36 ತಿಂಗಳು, ಶೇಕಡಾ 14 ಎಂದುಕೊಳ್ಳೋಣ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ಕಂತು ಸುಮಾರು 10,250. ಒಟ್ಟು ಬಡ್ಡಿ ಸುಮಾರು 69,000. ಅದೇ ಫ್ಲ್ಯಾಟ್ ಬಡ್ಡಿಯಾದರೆ, ಅಂದರೆ ಅಸಲು ಇಳಿದರೂ ಮೊದಲಿನ 3 ಲಕ್ಷದ ಮೇಲೆಯೇ ಕೊನೆವರೆಗೂ ಬಡ್ಡಿ ಹಾಕಿದರೆ, ಒಟ್ಟು ಬಡ್ಡಿ 1,26,000. ಕಂತು ಸುಮಾರು 11,830. ಎರಡನ್ನೂ "14 ಪರ್ಸೆಂಟ್" ಎಂದೇ ಹೇಳಬಹುದು. ತಿಂಗಳಿಗೆ ಒಂದೂವರೆ ಸಾವಿರದ ಈ ವ್ಯತ್ಯಾಸದಲ್ಲೇ ಎಷ್ಟೋ ಮನೆಗಳ ಲೆಕ್ಕ ತಪ್ಪುತ್ತದೆ.

ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಕಟ್ಟುತ್ತಿದ್ದೇನೆ. ಬಾಕಿ ಇಳಿಯುವುದೇ ಇಲ್ಲವಲ್ಲ?

ಕಟ್ಟಿದ ದುಡ್ಡು ಸಾಮಾನ್ಯವಾಗಿ ಮೊದಲು ಖರ್ಚು ಮತ್ತು ದಂಡಬಡ್ಡಿಗೆ, ಆಮೇಲೆ ಬಡ್ಡಿಗೆ, ಕೊನೆಗೆ ಅಸಲಿಗೆ ಹೋಗುತ್ತದೆ. ಅರ್ಧ ಕಂತು ಕಟ್ಟುತ್ತಿದ್ದರೆ ಅಸಲನ್ನು ಮುಟ್ಟುವುದೇ ಇಲ್ಲ. ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಒಂದು ಸೂಚನೆ ಕೊಟ್ಟಿದೆ. ಕಂತು ತಪ್ಪಿದ್ದಕ್ಕೆ ಶುಲ್ಕ ಹಾಕಬಹುದು, ಅದನ್ನು ಬಡ್ಡಿ ದರಕ್ಕೆ ಸೇರಿಸಿ ಮತ್ತೆ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ. ಅಲ್ಲಿ ಸಂಘದ ಬೈಲಾ ಮತ್ತು ನಿಮ್ಮ ಸಾಲದ ಪತ್ರದಲ್ಲಿ ಏನಿದೆ ನೋಡಬೇಕು. ಖಾತೆಯ ವಿವರ ಬರಹದಲ್ಲಿ ಕೇಳಿ. ಸದಸ್ಯರಾಗಿ ಕೇಳಲು ಸಂಕೋಚ ಬೇಡ. ಪಿಗ್ಮಿಯವರ ಕೈಯಲ್ಲಿ ಕಂತಿನ ದುಡ್ಡು ಕೊಟ್ಟರೂ ರಸೀದಿ ಇಲ್ಲದೆ ಕೊಡಬೇಡಿ, ಅವರು ಎಷ್ಟೇ ಪರಿಚಯದವರಾದರೂ.

ಜಾಮೀನು ಹಾಕಿದ್ದು ಮಾತ್ರ, ದುಡ್ಡು ನಾನು ಮುಟ್ಟಿಲ್ಲ. ನನಗೆ ಯಾಕೆ ನೋಟಿಸು?

1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಸಾಲಗಾರನ ಆಸ್ತಿ ಮಾರಿ, ಸಾಲದಿದ್ದರೆ ಮಾತ್ರ ನನ್ನ ಹತ್ತಿರ ಬನ್ನಿ ಎಂದು ಹೇಳುವಂತಿಲ್ಲ. ನೀವು ಕಟ್ಟಿದರೆ ಆ ಮೊತ್ತವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ನಿಮಗಿದೆ. ರಸೀದಿ ನಿಮ್ಮ ಹೆಸರಲ್ಲೇ ಪಡೆಯಿರಿ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ನೀನು ನನಗೆ ಜಾಮೀನು, ನಾನು ನಿನಗೆ. ಒಂದೇ ಆಫೀಸಿನವರು, ಒಂದೇ ರಿಕ್ಷಾ ಸ್ಟ್ಯಾಂಡಿನವರು, ಒಂದೇ ಬೋಟಿನವರು. ಒಬ್ಬನ ಸಂಪಾದನೆ ನಿಂತ ದಿನ ಇನ್ನೊಬ್ಬನದೂ ನಿಂತಿರುತ್ತದೆ. ಆಗ ಆ ಜಾಮೀನಿಗೆ ಬೆಲೆಯೇ ಇಲ್ಲ. ಸಂಘಗಳು ಇದನ್ನು ಕಂಡೂ ಕಾಣದಂತೆ ಇರುವುದು ನಿಲ್ಲಬೇಕು. ಜಾಮೀನು ಹಾಕುವವರಿಗೆ ಒಂದು ಮಾತು. ಸ್ನೇಹಕ್ಕೆ ಹಾಕಿ, ಬೇಡವೆನ್ನುವುದಿಲ್ಲ. ಆದರೆ ಪೂರ್ತಿ ಸಾಲ ನಾನೇ ಕಟ್ಟಬೇಕಾದರೆ ಸಾಧ್ಯವಾ ಎಂದು ಕೇಳಿಕೊಂಡು ಹಾಕಿ. ಸಹಿ ಮಾಡಿದ ಮೇಲೂ ಆ ಸಾಲ ಸರಿಯಾಗಿ ಹೋಗುತ್ತಿದೆಯಾ ಎಂದು ಆಗಾಗ ವಿಚಾರಿಸಿ.

ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟಿದ್ದೇನೆ. ಅದರಿಂದ ತೊಂದರೆಯಾ?

ಆಗಬಹುದು. ಚೆಕ್ ಬೌನ್ಸ್ ಆದರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ ಕ್ರಿಮಿನಲ್ ಕೇಸು ಹಾಕಬಹುದು. ಬೌನ್ಸ್ ಆದದ್ದು ತಿಳಿದ 30 ದಿನದೊಳಗೆ ಸಂಘ ನೋಟಿಸು ಕೊಡಬೇಕು. ನೋಟಿಸು ಕೈಗೆ ಬಂದ 15 ದಿನದೊಳಗೆ ನೀವು ದುಡ್ಡು ಕಟ್ಟಿದರೆ ಕೇಸು ಹಾಕುವಂತಿಲ್ಲ. ಅಂಚೆಯವರು ತಂದ ನೋಟಿಸನ್ನು ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಆ 15 ದಿನವೂ ವ್ಯರ್ಥ.

ಮುಂದಿನ ತಿಂಗಳ ಕಂತು ಕಟ್ಟಲು ಆಗುವುದಿಲ್ಲ ಎಂದು ಈಗಲೇ ಗೊತ್ತು. ಹೋಗಿ ಹೇಳಲಾ? ಮರ್ಯಾದೆ ಪ್ರಶ್ನೆ.

ಹೋಗಿ ಹೇಳಿ, ನಾಳೆಯೇ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ.

ನಮ್ಮ ಸಂಘಗಳಲ್ಲಿ ಕೌಂಟರಿನಲ್ಲಿ ಕೂತವರು ನಿಮ್ಮ ಪಕ್ಕದ ಮನೆಯವರಾಗಿರಬಹುದು. ನಿರ್ದೇಶಕರು ದೇವಸ್ಥಾನದ ಜಾತ್ರೆಯಲ್ಲೋ ಇಗರ್ಜಿಯಲ್ಲೋ ಮಸೀದಿಯಲ್ಲೋ ಎದುರು ಸಿಗುವವರು. ಈ ಪರಿಚಯದಿಂದಲೇ ಸಾಲ ಸುಲಭವಾಗಿ ಸಿಗುತ್ತದೆ. ಅದೇ ಪರಿಚಯದಿಂದ ಕಷ್ಟ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಒಂದು ಕಂತು ತಪ್ಪಿದಾಗ ಮುಖ ತೋರಿಸದವರು ಮೂರು ತಪ್ಪಿದ ಮೇಲೆ ಫೋನ್ ಎತ್ತುವುದಿಲ್ಲ. ಅಷ್ಟರಲ್ಲಿ ಕಡತ ವಕೀಲರ ಹತ್ತಿರ ಹೋಗಿರುತ್ತದೆ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಬಡ್ಡಿಯಷ್ಟಾದರೂ ಕಟ್ಟಿ. ಕಾರಣ ಏನು, ಯಾವ ತಿಂಗಳಿಂದ ಮತ್ತೆ ಕಟ್ಟಬಹುದು ಎಂದು ಒಂದು ಅರ್ಜಿಯಲ್ಲಿ ಬರೆದು, ಆಸ್ಪತ್ರೆ ಬಿಲ್ಲೋ ಕೆಲಸ ಹೋದ ಪತ್ರವೋ ಇದ್ದರೆ ಲಗತ್ತಿಸಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕಂತು ಚಿಕ್ಕದು ಮಾಡಿ ಅವಧಿ ಹೆಚ್ಚಿಸುವುದು, ಕಂತಿನ ತಿಂಗಳು ಬದಲಿಸುವುದು ಆಡಳಿತ ಮಂಡಳಿಯ ಮುಂದೆ ಹೋಗಬೇಕಾದ ವಿಷಯ. ಮಾತಿನಲ್ಲಿ "ಆಯ್ತು ನೋಡುವ" ಎಂದರೆ ಸಾಲದು, ಬರಹದಲ್ಲಿ ಬೇಕು.

ಒಂದು ಎಚ್ಚರ. ಕಂತು ಮುಂದೂಡಿದರೆ ಬಡ್ಡಿ ನಿಲ್ಲುವುದಿಲ್ಲ. ಕೊರೋನಾ ಸಮಯದಲ್ಲಿ 2020ರ ಮಾರ್ಚಿನಿಂದ ಆಗಸ್ಟ್‌ವರೆಗೆ ಬ್ಯಾಂಕುಗಳು ಕಂತಿಗೆ ಬಿಡುವು ಕೊಟ್ಟಾಗ ಬಡ್ಡಿ ಓಡುತ್ತಲೇ ಇತ್ತು. ಅದು ಮನ್ನಾ ಎಂದು ತಿಳಿದವರಿಗೆ ಆಮೇಲೆ ದೊಡ್ಡ ಹೊಡೆತ ಬಿತ್ತು.

ಹಳೆ ಸಾಲ ಮುಗಿಸಲು ಅದೇ ಸಂಘ ಹೊಸ ಸಾಲ ಕೊಡುತ್ತದಂತೆ. ತೆಗೆದುಕೊಳ್ಳಲಾ?

ಸುಸ್ತಿ ಬಡ್ಡಿಯನ್ನೂ ಸೇರಿಸಿ ದೊಡ್ಡ ಸಾಲ ಮಾಡಿ, ಅದೇ ಆದಾಯಕ್ಕೆ ಹೆಚ್ಚಿನ ಕಂತು ಹಾಕುವುದಾದರೆ ಬೇಡ. ಮಾರ್ಚ್ ಕೊನೆಯಲ್ಲಿ ಸಂಘದ ಸುಸ್ತಿ ಅಂಕಿ ಚೆನ್ನಾಗಿ ಕಾಣಲೆಂದು ಹೀಗೆ ಹೊಸತು ಮಾಡಿಸುವುದುಂಟು. ಅಂಕಿ ಸರಿಯಾಗುತ್ತದೆ, ಸಾಲಗಾರನ ಸ್ಥಿತಿ ಹದಗೆಡುತ್ತದೆ. ಕಂತು ನಿಜಕ್ಕೂ ಕಡಿಮೆಯಾಗುವುದಿದ್ದರೆ ಮಾತ್ರ ಒಪ್ಪಿ.

ಕಟ್ಟದೇ ಇದ್ದರೆ ಮುಂದೆ ಏನಾಗುತ್ತದೆ?

ಸಹಕಾರಿ ಬ್ಯಾಂಕು ಮತ್ತು ಪತ್ತಿನ ಸಂಘ, ಎರಡರ ದಾರಿ ಬೇರೆ. ಸಹಕಾರಿ ಬ್ಯಾಂಕಿಗೆ 2002ರ ಸರ್ಫೇಸಿ ಕಾಯ್ದೆಯ ಬಲವಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದಿದೆ. ಎನ್‌ಪಿಎ ಆದ ಮೇಲೆ 60 ದಿನದ ನೋಟಿಸು ಕೊಟ್ಟು, ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆಯಲು ಹೊರಡಬಹುದು. ಪತ್ತಿನ ಸಂಘಕ್ಕೆ ಆ ಕಾಯ್ದೆ ಇಲ್ಲ. ಅದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಸೆಕ್ಷನ್ ಕೆಳಗೆ ಸಹಕಾರ ಇಲಾಖೆಯಲ್ಲಿ ದಾವೆ ಹಾಕುತ್ತದೆ. ಸೌಹಾರ್ದ ಸಹಕಾರಿಗಳಿಗೆ 1997ರ ಬೇರೆ ಕಾಯ್ದೆ ಇದೆ. ತೀರ್ಪು ಬಂದ ಮೇಲೆ ಅಮಲ್ಜಾರಿ, ಅಂದರೆ ತೀರ್ಪನ್ನು ಜಾರಿಗೆ ತರುವುದು. ಆಗ ಆಸ್ತಿ ಜಪ್ತಿ, ಹರಾಜು ಎಲ್ಲ ಬರಬಹುದು. ದಾವೆಯ ದಿನ ಹಾಜರಾಗಿ. ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗುತ್ತದೆ. ಕಟ್ಟಿದ ರಸೀದಿ ಲೆಕ್ಕಕ್ಕೆ ಬಂದಿಲ್ಲ ಎಂದು ಹೇಳಲು ಅದೇ ಜಾಗ.

ಬೈಯುವುದು, ಬೆದರಿಸುವುದು, ಮನೆ ಮುಂದೆ ಬಂದು ಅವಮಾನ ಮಾಡುವುದು ವಸೂಲಾತಿ ಅಲ್ಲ. ಹಾಗಾದರೆ ಸಹಕಾರ ಇಲಾಖೆಗೂ ಪೊಲೀಸರಿಗೂ ದೂರು ಕೊಡಿ.

ಚಿನ್ನ ಹರಾಜಿಗೆ ಹೋದರೆ ಉಳಿದ ದುಡ್ಡು ಯಾರಿಗೆ?

ಸಾಲ, ಬಡ್ಡಿ, ಖರ್ಚು ಕಳೆದು ಉಳಿದದ್ದು ನಿಮಗೆ. ಲೆಕ್ಕ ಕೇಳಿ ಪಡೆಯಿರಿ.

ಸಾಲ ತೆಗೆದವರು ತೀರಿಹೋದರೆ?

ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಜಾಮೀನುದಾರರ ಹೊಣೆ ಉಳಿಯುತ್ತದೆ. ಸಾಲಕ್ಕೆ ವಿಮೆ ಮಾಡಿಸಿದ್ದರಾ ಎಂದು ಮೊದಲು ವಿಚಾರಿಸಿ. ಎಷ್ಟೋ ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ.

ನಾನೊಬ್ಬ ಕಟ್ಟದಿದ್ದರೆ ಸಂಘಕ್ಕೇನು ನಷ್ಟ?

ಸಂಘದ ದುಡ್ಡು ಎಲ್ಲಿಂದ ಬಂತು ನೋಡಿ. ನಿವೃತ್ತ ಮೇಷ್ಟ್ರ ಎಫ್‌ಡಿ, ಮೀನು ಮಾರುವ ಅಕ್ಕನ ಪಿಗ್ಮಿ, ಬೀಡಿ ಕಟ್ಟಿ ಉಳಿಸಿದ ಆರ್‌ಡಿ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಅದು ಉಂಟು. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಸುಸ್ತಿ ಹೆಚ್ಚಾದರೆ ಮೊದಲು ಡಿವಿಡೆಂಡ್ ನಿಲ್ಲುತ್ತದೆ, ಆಮೇಲೆ ಠೇವಣಿ ವಾಪಸ್ ಕೊಡಲು ತಡವಾಗುತ್ತದೆ. ಮೊಳಹಳ್ಳಿ ಶಿವರಾಯರು ನಮ್ಮ ಜಿಲ್ಲೆಯಲ್ಲಿ ಸಹಕಾರಿ ಚಳವಳಿ ಕಟ್ಟಿದ ಕಾಲದಲ್ಲೂ, 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಶುರುವಾದಾಗಲೂ, ಲೆಕ್ಕ ಇದೇ. ಒಬ್ಬರ ಉಳಿತಾಯ ಇನ್ನೊಬ್ಬರ ಸಾಲ.

ಕೊನೆಯ ಕಂತು ಕಟ್ಟಿದೆ. ಇನ್ನೇನು ಕೆಲಸ ಬಾಕಿ?

ಬಾಕಿ ಇಲ್ಲ ಎಂಬ ಪತ್ರ, ಕೊಟ್ಟ ಖಾಲಿ ಚೆಕ್ಕುಗಳು, ಆಸ್ತಿಯ ಮೂಲ ದಾಖಲೆ ಎಲ್ಲ ವಾಪಸ್ ಪಡೆಯಿರಿ. ಆರ್‌ಟಿಸಿಯಲ್ಲಿ ಋಣದ ನಮೂದು ಇದ್ದರೆ ತೆಗೆಸಿ. ಸಹಕಾರಿ ಬ್ಯಾಂಕಾದರೆ ಸಾಲ ತೀರಿದ 30 ದಿನದೊಳಗೆ ಆಸ್ತಿಯ ದಾಖಲೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ತನ್ನ ತಪ್ಪಿನಿಂದ ತಡಮಾಡಿದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ತಿನ ಸಂಘದಲ್ಲಾದರೆ ಅರ್ಜಿ ಬರೆದುಕೊಟ್ಟು ಸೀಲು ಹಾಕಿಸಿಕೊಳ್ಳಿ. ಜಾಮೀನು ಹಾಕಿದವರಿಗೂ ಆ ಪತ್ರದ ಒಂದು ಪ್ರತಿ ಕೊಡಿ.